ಬ್ಲೌಸು ಬಾಡಿಗೆ ಕಟ್ಟಲಿ, ಖಣ ತನ್ನ ಖರ್ಚು ನೋಡಿಕೊಳ್ಳಲಿ

ನನ್ನ ಅಂಗಡಿಯ ಬಾಡಿಗೆ ಕಟ್ಟುವುದು ಬ್ಲೌಸು. ಲೈನಿಂಗ್ ಹಾಕಿದ, ಹಿಂದೆ ಡೋರಿ ಇರುವ, ಮದುವೆ ಮನೆಯವರು ಹತ್ತು ಹನ್ನೆರಡು ಒಟ್ಟಿಗೆ ತಂದು ಕೊಡುವ ಮಾಮೂಲಿ ಬ್ಲೌಸು. ನನ್ನ ಲೇಬಲ್ ಹಾಕಿ ಮಾರುವ ಗುಳೇದಗುಡ್ಡ ಖಣದ ಜಾಕೆಟ್ಟು, ಕಾಲರಿಗೆ ಕಸೂತಿ ಮಾಡಿದ ಕೋಟು, ಹಳೆ ಇಳಕಲ್ ಸೀರೆಯ ಸೆರಗಿನಿಂದ ಮಾಡಿದ ಸ್ಕರ್ಟು, ಇವು ಯಾವುವೂ ಇಷ್ಟು ವರ್ಷದಲ್ಲಿ ಒಂದು ತಿಂಗಳ ಬಾಡಿಗೆಯನ್ನೂ ಕಟ್ಟಿಲ್ಲ. ಕಟ್ಟಿ ಅಂತ ನಾನು ಅವನ್ನು ಕೇಳಿಯೂ ಇಲ್ಲ. ತಮ್ಮ ಖರ್ಚು ತಾವು ನೋಡಿಕೊಂಡು, ಮುಂದಿನ ಸಲದ ಬಟ್ಟೆಗೆ ಸ್ವಲ್ಪ ಉಳಿಸಿದರೆ ಅಷ್ಟೇ ಸಾಕು.

ಡಿಸೈನ್ ಕೋರ್ಸ್ ಮುಗಿಸಿ ಇಂಟರ್ನ್‌ಶಿಪ್‌ಗೆ ಬರುವ ಮಕ್ಕಳಿಗೆ ಇದನ್ನು ಹೇಳಿದರೆ ಮುಖ ಸಪ್ಪಗೆ ಮಾಡಿಕೊಳ್ಳುತ್ತಾರೆ. "ಅಕ್ಕಾ, ಹಾಗಾದ್ರೆ ನೀವು ಟೈಲರಾ, ಡಿಸೈನರಾ?" ಅಂತ ಒಬ್ಬಳು ನೇರವಾಗಿ ಕೇಳಿದಳು. ಎರಡೂ ಹೌದು. ಫ್ರೆಂಚ್ ಡಿಸೈನರ್ ಕ್ರಿಶ್ಚಿಯನ್ ಡಿಯೋರ್ ಪ್ಯಾರಿಸ್‌ನಲ್ಲಿ ಮೊದಲ ಕಲೆಕ್ಷನ್ ತೋರಿಸಿದ್ದು 1947ರಲ್ಲಿ. ಅದೇ ವರ್ಷ ಮಿಸ್ ಡಿಯೋರ್ ಎನ್ನುವ ಸೆಂಟನ್ನೂ ಮಾರುಕಟ್ಟೆಗೆ ಬಿಟ್ಟರು. ಕೈಹೊಲಿಗೆಯ ಆ ಗೌನುಗಳನ್ನು ಕೊಳ್ಳುವವರು ಎಷ್ಟು ಜನ ಇರುತ್ತಾರೆ ಹೇಳಿ? ಸೆಂಟಿನ ಬಾಟಲಿಯನ್ನು ಯಾರು ಬೇಕಾದರೂ ಕೊಳ್ಳಬಹುದು. ಅದೇ ಪ್ಯಾರಿಸ್‌ನಲ್ಲಿ 1987ರಲ್ಲಿ ಶುರುವಾದ ಡಿಸೈನರ್ ಕ್ರಿಶ್ಚಿಯನ್ ಲಾಕ್ವಾ ಅವರ ಫ್ಯಾಷನ್ ಕಂಪನಿಯನ್ನು ನೋಡಿ. ಬಣ್ಣ, ಕಸೂತಿ, ಕಟ್ಟಿಂಗ್ ಎಲ್ಲದಕ್ಕೂ ಜಗತ್ತೇ ತಲೆದೂಗಿತು. ಕಂಪನಿ ಮಾತ್ರ ಲಾಭವನ್ನೇ ಕಾಣದೆ 2009ರಲ್ಲಿ ದಿವಾಳಿಗೆ ಬಂತು. ನಮ್ಮ ಕೈಯಲ್ಲಿ ಸೆಂಟಿಲ್ಲ. ಬ್ಲೌಸಿದೆ.

ನಾನು ಮೊದಲು ಪೀಣ್ಯದ ಕಡೆ ಒಂದು ಗಾರ್ಮೆಂಟ್ ಎಕ್ಸ್‌ಪೋರ್ಟ್ ಕಂಪನಿಯ ಸ್ಯಾಂಪಲಿಂಗ್ ವಿಭಾಗದಲ್ಲಿದ್ದೆ. ಈಗ ವಿಜಯನಗರದಲ್ಲಿ ಚಿಕ್ಕ ಬೊಟೀಕ್ ಇದೆ. ಒಬ್ಬರು ಕಟಿಂಗ್ ಮಾಸ್ಟರ್, ಪೀಸ್ ರೇಟಿಗೆ ಹೊಲಿಯುವವರು, ಒಬ್ಬಳು ಹೆಲ್ಪರ್. ಕೈಯಲ್ಲಿ ಕೆಲಸ ಇದೆ, ತಲೆಯಲ್ಲಿ ಡಿಸೈನ್ ಇದೆ, ಆದರೆ 20ನೇ ತಾರೀಕಿಗೆ ಅಕೌಂಟ್ ಖಾಲಿ ಎನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅಪ್ಪನ ಫ್ಯಾಕ್ಟರಿ ಇರುವವರಿಗೆ ಇದರ ಅಗತ್ಯ ಇಲ್ಲ.

ಮೊದಲು ನಿಮ್ಮ ಒಂದು ಗಂಟೆಯ ಬೆಲೆ ತಿಳಿದುಕೊಳ್ಳಿ

ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿದವರಿಗೆ ಸ್ಯಾಮ್ (SAM) ಎನ್ನುವ ನಿಮಿಷದ ಲೆಕ್ಕ ಗೊತ್ತಿರುತ್ತದೆ. ಒಂದು ಕಾಲರ್ ಕೂರಿಸಲು ಎಷ್ಟು ನಿಮಿಷ, ಒಂದು ಜೇಬಿಗೆ ಎಷ್ಟು ನಿಮಿಷ ಅಂತ ಲೆಕ್ಕ ಹಾಕಿ ಇಟ್ಟಿರುತ್ತಾರೆ. ಆಗ ಅದನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಸ್ವಂತ ಅಂಗಡಿ ಇಟ್ಟ ಮೇಲೆ ನನ್ನನ್ನು ಉಳಿಸಿದ್ದೇ ಅದು.

ನೀವು ಮಾಡಬೇಕಾದ್ದು ಇಷ್ಟು. ಅಂಗಡಿ ಬಾಡಿಗೆ 20,000, ಹೆಲ್ಪರ್ ಸಂಬಳ 14,000, ಕರೆಂಟು ಮತ್ತು ಇಂಟರ್ನೆಟ್ 4,000, ಮೆಷಿನ್ ಸರ್ವಿಸು, ಸೂಜಿ, ಎಣ್ಣೆ ಅಂತ 2,000 ಎಂದಿಟ್ಟುಕೊಳ್ಳಿ. ಇದರ ಜೊತೆಗೆ ನಿಮ್ಮ ಮನೆಗೆ ಬೇಕಾದ 30,000 ಸೇರಿಸಿ. ಈ ಕೊನೆಯದನ್ನೇ ಎಲ್ಲರೂ ಬಿಟ್ಟುಬಿಡುತ್ತಾರೆ. "ಉಳಿದರೆ ನನಗೆ" ಅನ್ನುತ್ತಾರೆ. ಹಾಗೆ ಇಟ್ಟರೆ ಏನೂ ಉಳಿಯುವುದಿಲ್ಲ. ಒಟ್ಟು 70,000 ಆಯಿತು.

ಇನ್ನು ಗಂಟೆ. ತಿಂಗಳಿಗೆ 25 ದಿನ, ದಿನಕ್ಕೆ 8 ಗಂಟೆ ಅಂದರೆ 200. ಆದರೆ ಇಡೀ 200 ಗಂಟೆ ನೀವು ದುಡಿಯುವ ಕೆಲಸ ಮಾಡುವುದಿಲ್ಲ. ಚಿಕ್ಕಪೇಟೆಗೆ ಲೈನಿಂಗ್ ಮ್ಯಾಚ್ ಮಾಡಲು ಹೋದರೆ ಅರ್ಧ ದಿನ. ವಾಟ್ಸ್ಯಾಪಿನಲ್ಲಿ ರೇಟು ಕೇಳಿ ಮಾಯವಾಗುವವರಿಗೆ ಉತ್ತರ ಕೊಡುವುದರಲ್ಲಿ ದಿನಕ್ಕೆ ಒಂದು ಗಂಟೆ. ಹಾಗಾಗಿ 140 ಗಂಟೆ ಹಿಡಿಯಿರಿ. 70,000ವನ್ನು 140ರಿಂದ ಭಾಗಿಸಿದರೆ ಗಂಟೆಗೆ 500 ರೂಪಾಯಿ. ನಿಮ್ಮ ಊರಿನ ಬಾಡಿಗೆ, ನಿಮ್ಮ ಮನೆ ಖರ್ಚು ಹಾಕಿಕೊಂಡರೆ ಬೇರೆ ಸಂಖ್ಯೆ ಬರುತ್ತದೆ. ಏನೇ ಬರಲಿ, ಅದನ್ನು ಕಟಿಂಗ್ ಟೇಬಲ್ಲಿನ ಎದುರಿನ ಗೋಡೆಗೆ ಅಂಟಿಸಿ. ನಾನು ಅಂಟಿಸಿದ್ದೇನೆ. ಗಿರಾಕಿಗಳು ಓದಿ "ಇದೇನು ಮೇಡಂ 500?" ಅಂತ ಕೇಳುತ್ತಾರೆ. ನಗುತ್ತೇನೆ, ಅಷ್ಟೆ.

ಆಮೇಲೆ ಒಂದು ಜಾಕೆಟ್ಟಿನ ಲೆಕ್ಕ

ಖಣದ ಒಂದು ಜಾಕೆಟ್ ತೆಗೆದುಕೊಳ್ಳೋಣ. ಖಣದ ಪನ್ನ, ಅಂದರೆ ಬಟ್ಟೆಯ ಅಗಲ, ಚಿಕ್ಕದು. ರವಿಕೆಗೆ ಅಂತಲೇ ನೇಯ್ದ ಬಟ್ಟೆ ಅದು. ಜಾಕೆಟ್ಟಿಗೆ ಎರಡೂವರೆ ಮೀಟರ್ ಬೇಕಾಗುತ್ತದೆ. ಮೀಟರಿಗೆ 350 ಅಂದರೆ 875. ಲೈನಿಂಗ್ 135. ಗುಂಡಿ, ದಾರ, ಕಾಲರ್ ಕ್ಯಾನ್ವಾಸು 110. ಹೊಲಿಗೆ ಕೂಲಿ 650. ಕಾಲರ್ ಮತ್ತು ತೋಳಿನ ತುದಿಗೆ ಕಸೂತಿ ಆರು ಗಂಟೆ, ಗಂಟೆಗೆ 100ರಂತೆ 600. ಇಸ್ತ್ರಿ, ಕವರು 80. ಇಲ್ಲಿಗೆ 2,450 ಆಯಿತು. ಪೇಪರ್ ಪ್ಯಾಟರ್ನ್ ಹೊಂದಿಸುವುದು, ಕತ್ತರಿಸುವುದು, ಕೊನೆಗೆ ಚೆಕ್ ಮಾಡುವುದು ಅಂತ ನಿಮ್ಮ ಎರಡು ಗಂಟೆಗೆ 1,000. ಒಟ್ಟು 3,450. ಇದರ ಮೇಲೆ 20% ಸೇರಿಸಿದರೆ 4,140. ಆ 20% ನಿಮ್ಮ ಸಂಬಳ ಅಲ್ಲ. ಮುಂದಿನ ಜಾಕೆಟ್ಟಿನ ಬಟ್ಟೆ ಅದರಲ್ಲಿ ಬರಬೇಕು. ಮಾರಾಟ ಆಗದೆ ಉಳಿದ ಜಾಕೆಟ್ಟಿನ ನಷ್ಟವೂ ಅದರಲ್ಲೇ ಹೋಗಬೇಕು.

ಇದು ನಿಮ್ಮ ಕೈಗೆ ಬರಲೇಬೇಕಾದ ದುಡ್ಡು. ಹಲವು ಡಿಸೈನರುಗಳ ಬಟ್ಟೆ ಇಟ್ಟು ಮಾರುವ ಅಂಗಡಿಯವರು 40% ತೆಗೆದುಕೊಂಡರೆ ಬೆಲೆ ಎಷ್ಟಿರಬೇಕು? 4,140ಕ್ಕೆ 40% ಸೇರಿಸುವುದಲ್ಲ, ಎಲ್ಲರೂ ಎಡವುವುದು ಅಲ್ಲೇ. 4,140ವನ್ನು 0.6ರಿಂದ ಭಾಗಿಸಬೇಕು. 6,900 ಬರುತ್ತದೆ. ಜಿಎಸ್‌ಟಿ ನಂಬರ್ ಇದ್ದರೆ ಅದರ ಮೇಲೆ ತೆರಿಗೆ. 2025ರ ಸೆಪ್ಟೆಂಬರ್ 22ರಿಂದ ಒಂದು ಪೀಸಿಗೆ 2,500 ರೂಪಾಯಿ ತನಕದ ಉಡುಪಿಗೆ 5%, ಅದು ದಾಟಿದರೆ 18%. ಅಂದರೆ ಗಿರಾಕಿಗೆ ಕಾಣುವ ಬೆಲೆ 8,142.

ಈ 2,500ರ ಗೆರೆಯನ್ನು ಡಿಸೈನ್ ಮಾಡುವಾಗಲೇ ನೆನಪಿಡಿ. 2,500ರ ಕುರ್ತಾ ತೆರಿಗೆ ಸೇರಿ 2,625. ಅದಕ್ಕೆ 100 ರೂಪಾಯಿ ಜಾಸ್ತಿ ಇಟ್ಟು 2,600 ಮಾಡಿದರೆ 3,068. ನೀವು ಹೆಚ್ಚಿಸಿದ್ದು 100, ಗಿರಾಕಿ ಹೆಚ್ಚು ಕೊಟ್ಟಿದ್ದು 443. ಹಾಗಾಗಿ ನನ್ನ ಕುರ್ತಾಗಳು 2,500ರ ಒಳಗೇ ನಿಲ್ಲುತ್ತವೆ. ಅದಕ್ಕಾಗಿ ಒಂದು ಜೇಬು ತೆಗೆಯಬೇಕಾಗಿ ಬಂದರೆ ತೆಗೆಯುತ್ತೇನೆ. ಜಾಕೆಟ್ಟು ಹೇಗೂ ಗೆರೆ ದಾಟಿದೆ, ಅದರಲ್ಲಿ ಜಿಪುಣತನ ಮಾಡುವುದಿಲ್ಲ.

ನಿಮ್ಮದೇ ಅಂಗಡಿಯಲ್ಲಿ ಅದೇ ಜಾಕೆಟ್ಟನ್ನು 4,140ಕ್ಕೆ ಕೊಡಬಹುದಲ್ವಾ ಅನ್ನಿಸುತ್ತದೆ. ಬೇಡ. ಎಲ್ಲ ಕಡೆ ಒಂದೇ ಬೆಲೆ ಇರಲಿ. ಹೊರಗಿನ ಅಂಗಡಿಯವರಿಗೆ ಗೊತ್ತಾದರೆ ಮಾರನೇ ದಿನ ಮಾಲು ವಾಪಸ್ ಕಳಿಸುತ್ತಾರೆ. ಅದೂ ಅಲ್ಲದೆ, ನಿಮ್ಮ ಅಂಗಡಿಯಲ್ಲಿ ಮಾರುವುದಕ್ಕೂ ಫೋಟೋ, ಮಾಡೆಲ್ಲು, ಇನ್‌ಸ್ಟಾಗ್ರಾಮು ಅಂತ ಖರ್ಚು ಇದ್ದೇ ಇರುತ್ತದೆ. ಅದು ಈ ವ್ಯತ್ಯಾಸದಲ್ಲಿ ಹೋಗುತ್ತದೆ.

ಈಗ ಬ್ಲೌಸು ನೋಡಿ. ಲೈನಿಂಗ್ ಬ್ಲೌಸಿಗೆ 850 ತೆಗೆದುಕೊಂಡರೆ ಹೊಲಿಗೆಯವರಿಗೆ 300, ಲೈನಿಂಗು ಹುಕ್ಕು 120. ಉಳಿದದ್ದು 430. ಅಳತೆ, ಕಟಿಂಗ್, ಟ್ರಯಲ್ ಸೇರಿ ನನ್ನ 40 ನಿಮಿಷ. ಗಂಟೆಗೆ 500ರ ಲೆಕ್ಕದಲ್ಲಿ ಅದರ ಬೆಲೆ ಸುಮಾರು 333. ಇನ್ನೂ ಹತ್ತಿರ ಹತ್ತಿರ ನೂರು ರೂಪಾಯಿ ಮಿಕ್ಕುತ್ತದೆ. ಮುಖ್ಯವಾದ ಮಾತು ಏನೆಂದರೆ, ಬಟ್ಟೆ ಗಿರಾಕಿಯದು, ಮಾರಾಟ ಆಗದೆ ಉಳಿಯುವ ಭಯ ಇಲ್ಲ, ದುಡ್ಡು ವಾರದೊಳಗೆ ಕೈಗೆ ಬರುತ್ತದೆ.

ಹೊಟ್ಟೆಪಾಡಿನ ಕೆಲಸವನ್ನು ಆರಿಸಿಕೊಳ್ಳುವುದು

ಎಲ್ಲರೂ ಬ್ಲೌಸೇ ಹೊಲಿಯಬೇಕು ಅಂತಿಲ್ಲ. ನನಗೆ ಗೊತ್ತಿರುವ ಒಬ್ಬರು ಭರತನಾಟ್ಯದ ಡ್ರೆಸ್ ಹೊಲಿಯುತ್ತಾರೆ. ರಂಗಪ್ರವೇಶ, ಶಾಲೆಯ ವಾರ್ಷಿಕೋತ್ಸವ ಅಂತ ಕೆಲಸ ಬರುತ್ತಲೇ ಇರುತ್ತದೆ. ಇನ್ನೊಬ್ಬರು ಶನಿವಾರ ಭಾನುವಾರ ಆರಿ ವರ್ಕ್ ಕ್ಲಾಸ್ ನಡೆಸುತ್ತಾರೆ. ಒಬ್ಬ ಹುಡುಗ ಗಾರ್ಮೆಂಟ್ ಕಂಪನಿಗಳಿಗೆ ಮನೆಯಿಂದಲೇ ಪ್ಯಾಟರ್ನ್ ಮಾಡಿಕೊಡುತ್ತಾನೆ. ಬೆಂಗಳೂರಿನಲ್ಲಿ ಇಷ್ಟೊಂದು ಗಾರ್ಮೆಂಟ್ ಫ್ಯಾಕ್ಟರಿಗಳಿರುವಾಗ ಪ್ಯಾಟರ್ನ್ ಬಲ್ಲವರಿಗೆ ಹಸಿವಿಲ್ಲ.

ನಾನು ನೋಡುವುದು ಮೂರು ವಿಷಯ. ಕೆಲಸ ಮತ್ತೆ ಮತ್ತೆ ಬರಬೇಕು. ಅಡ್ವಾನ್ಸ್ ಸಿಗಬೇಕು. ಮೂರನೆಯದು ಕೊಂಚ ಸೂಕ್ಷ್ಮ: ಅದು ನಿಮ್ಮ ಡಿಸೈನ್ ತಲೆಯನ್ನೆಲ್ಲ ಹೀರಿಬಿಡಬಾರದು. ಮದುವಣಗಿತ್ತಿಯ ಲೆಹೆಂಗಾ ಒಂದನ್ನೇ ನಂಬಿದವರಿಗೆ ಹೀಗೇ ಆಗುತ್ತದೆ. ದುಡ್ಡು ಚೆನ್ನಾಗಿರುತ್ತದೆ, ಆದರೆ ಹುಡುಗಿ, ಅವಳ ಅಮ್ಮ, ಅತ್ತೆಯಾಗುವವರು, ನಾದಿನಿ ಎಲ್ಲರ ಫೋನಿಗೂ ನೀವೇ ಉತ್ತರ ಕೊಡಬೇಕು. ರಾತ್ರಿ ಮನೆಗೆ ಹೋದಾಗ ಒಂದು ಗೆರೆ ಎಳೆಯಲೂ ಮನಸ್ಸಿರುವುದಿಲ್ಲ. ಒಂದು ಸೀಸನ್ನಿಗೆ ಎರಡಕ್ಕಿಂತ ಜಾಸ್ತಿ ಲೆಹೆಂಗಾ ನಾನು ಒಪ್ಪುವುದಿಲ್ಲ.

ಬ್ಲೌಸಿನಲ್ಲೂ ಡಿಸೈನಿಗೆ ಜಾಗ ಇದೆ. ಗಿರಾಕಿ ಫೋನ್ ತೆರೆದು ಯಾವುದೋ ಸೆಲೆಬ್ರಿಟಿ ಮದುವೆಯ ಫೋಟೋ ತೋರಿಸಿ "ಹಿಂಗೇ ಬೇಕು" ಅನ್ನುತ್ತಾರೆ. ಮುಂದಿನ ಕತ್ತು, ತೋಳು ಅವರು ಹೇಳಿದಂತೆ. ಬೆನ್ನು ಮಾತ್ರ ನನಗೆ ಬಿಡಿ ಅಂತ ಕೇಳುತ್ತೇನೆ. ಹೆಚ್ಚಿನವರು ಒಪ್ಪುತ್ತಾರೆ, ಬೆನ್ನು ಅವರಿಗೆ ಕಾಣುವುದಿಲ್ಲವಲ್ಲ! ಖಣದ ತುಂಡು ಸೇರಿಸುವುದು, ಕಸೂತಿಯ ಗವಂತಿ ಹೊಲಿಗೆಯಲ್ಲಿ ಚಿಕ್ಕ ಗೋಪುರ ಹಾಕಿಸುವುದು ಎಲ್ಲ ಅಲ್ಲಿ ಪರೀಕ್ಷೆಯಾಗುತ್ತದೆ. ಮದುವೆ ಮನೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತವರು ನೋಡಿ ವಿಳಾಸ ಕೇಳಿಕೊಂಡು ಬರುತ್ತಾರೆ.

ದುಡ್ಡಿಗೆ ಮೂರು ಖಾತೆ

ಅಂಗಡಿಯದು ಒಂದು, ಮನೆಯದು ಒಂದು. ಮೂರನೆಯದನ್ನು ನಾನು ಹುಚ್ಚಿನ ಖಾತೆ ಅಂತ ಕರೆಯುತ್ತೇನೆ. ಎಲ್ಲ ದುಡ್ಡೂ ಮೊದಲು ಅಂಗಡಿ ಖಾತೆಗೆ. ಒಂದನೇ ತಾರೀಕು ಅಲ್ಲಿಂದ ಮನೆ ಖಾತೆಗೆ ನನ್ನ ಸಂಬಳ. ಪ್ರತಿ ಸೋಮವಾರ ಹಿಂದಿನ ವಾರದ ಬಿಲ್ಲಿನ 10% ಹುಚ್ಚಿನ ಖಾತೆಗೆ. ಖಣದ ಬಟ್ಟೆ, ಕಸೂತಿ ಕೂಲಿ, ಫೋಟೋ ಶೂಟು, ಎಕ್ಸಿಬಿಷನ್ ಸ್ಟಾಲ್ ಬಾಡಿಗೆ, ಊರೂರು ಅಲೆಯುವ ಬಸ್ ಚಾರ್ಜು, ಎಲ್ಲವೂ ಆ ಖಾತೆಯಿಂದ ಮಾತ್ರ. ಜಾಕೆಟ್ಟು ಮಾರಿದ ದುಡ್ಡಿನಲ್ಲಿ ನನ್ನ ಗಂಟೆಯ ಕೂಲಿ ಅಂಗಡಿಗೆ ಬಿಟ್ಟು ಮಿಕ್ಕದ್ದು ವಾಪಸ್ ಅಲ್ಲಿಗೇ.

ಖಾತೆ ಖಾಲಿಯಾದರೆ ಹೊಸ ಕಲೆಕ್ಷನ್ ಇಲ್ಲ. ಎಷ್ಟೇ ಒಳ್ಳೆಯ ಐಡಿಯಾ ಬಂದಿರಲಿ, ಪುಸ್ತಕದಲ್ಲಿ ಬರೆದಿಡುತ್ತೇನೆ. ಅದೇ ರೀತಿ, ಬಾಡಿಗೆಗೆ ಕಡಿಮೆ ಬಿತ್ತು ಅಂತ ಹುಚ್ಚಿನ ಖಾತೆಗೆ ಕೈ ಹಾಕುವುದಿಲ್ಲ. ಹಾಗೆ ಕೈ ಹಾಕಬೇಕಾಗಿ ಬಂದರೆ ಬ್ಲೌಸಿನ ರೇಟು ಕಡಿಮೆಯಾಗಿದೆ ಅಂತ ಅರ್ಥ, ಸರಿಮಾಡಬೇಕಾದ್ದು ಅದನ್ನು.

ಅಡ್ವಾನ್ಸಿನ ವಿಷಯಕ್ಕೆ ಬಂದರೆ, ನನ್ನ ನಿಯಮ ಸರಳ. ಹೊಲಿಗೆಗೆ ಅರ್ಧ. ಬಟ್ಟೆಯೂ ನಮ್ಮದಾದರೆ ಬಟ್ಟೆಯ ದುಡ್ಡು ಪೂರ್ತಿ ಮೊದಲೇ. ಲೆಹೆಂಗಾ ಆದರೆ ಆರ್ಡರಿಗೆ ಅರ್ಧ, ಮೊದಲ ಟ್ರಯಲ್‌ಗೆ 30%, ಉಳಿದದ್ದು ಕೊಡುವಾಗ. ಟ್ರಯಲ್ ಆದ ಮೇಲೆ ಡಿಸೈನ್ ಬದಲಾದರೆ ಅದಕ್ಕೆ ಬೇರೆ ದುಡ್ಡು. ಇದನ್ನು ಬಿಲ್ ಪುಸ್ತಕದ ಹಿಂದೆ ಅಚ್ಚು ಹಾಕಿಸಿ. ಬಾಯಲ್ಲಿ ಹೇಳಿದರೆ ಜಗಳ, ಅಚ್ಚಾಗಿದ್ದರೆ ರೂಲ್ಸು.

ನೆಂಟರದು ಬೇರೆಯೇ ಅಧ್ಯಾಯ. "ನಿಂದೇ ಅಂಗಡಿ ಅಲ್ವೇನೇ, ನಮ್ಮ ಹತ್ರ ಏನು ದುಡ್ಡು ತಗೋತೀಯಾ" ಎನ್ನುವ ಸೋದರತ್ತೆ ಎಲ್ಲರ ಮನೆಯಲ್ಲೂ ಇರುತ್ತಾರೆ. ನಾನು ಹೇಳುವುದು: "ಅತ್ತೆ, ನಿಮಗೆ ತಾರೀಕು ಫಸ್ಟ್ ಕೊಡ್ತೀನಿ. ಎಷ್ಟೇ ರಶ್ ಇದ್ರೂ ನಿಮ್ಮದೇ ಮೊದಲು." ರೇಟಿನ ಮಾತು ಎತ್ತುವುದೇ ಇಲ್ಲ. ವರಮಹಾಲಕ್ಷ್ಮಿಯ ಹಿಂದಿನ ವಾರ ಬ್ಲೌಸು ಕೈಗೆ ಸಿಗುವುದಕ್ಕಿಂತ ದೊಡ್ಡ ರಿಯಾಯಿತಿ ಬೇರೆ ಯಾವುದಿದೆ?

ಆಷಾಢ ನಿಮ್ಮದು

ಕನಸಿನ ಕೆಲಸಕ್ಕೆ ಸಮಯ ಸಿಗುವುದಿಲ್ಲ ಅನ್ನುವವರು ಪಂಚಾಂಗ ನೋಡಬೇಕು. ನಮ್ಮ ಗಿರಾಕಿಗಳ ವರ್ಷ ಅದರಲ್ಲೇ ಇದೆ. ಆಷಾಢದಲ್ಲಿ ಮದುವೆ ಇಲ್ಲ. ಸೀರೆ ಅಂಗಡಿಗಳಲ್ಲಿ ಡಿಸ್ಕೌಂಟ್ ಸೇಲ್ ಜೋರು, ಹೊಲಿಗೆ ಅಂಗಡಿಗಳಲ್ಲಿ ಮೌನ. ಪಿತೃಪಕ್ಷದ ಹದಿನೈದು ದಿನ, ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿ ತನಕದ ಧನುರ್ಮಾಸ, ಇವೂ ಹಾಗೇ. ಶ್ರಾವಣ ಬಂತೆಂದರೆ ವರಮಹಾಲಕ್ಷ್ಮಿ, ಗೌರಿ, ಆಮೇಲೆ ದಸರಾ, ದೀಪಾವಳಿ. ಮಾಘದಿಂದ ವೈಶಾಖದ ತನಕ ಮದುವೆ ಮೇಲೆ ಮದುವೆ.

ಹಾಗಾಗಿ ಕಲೆಕ್ಷನ್ನಿನ ಡಿಸೈನ್, ಸ್ಯಾಂಪಲ್, ಫೋಟೋ ಎಲ್ಲ ಆಷಾಢದಲ್ಲಿ. ಶ್ರಾವಣಕ್ಕೆ ಬಿಡುಗಡೆ. ಧನುರ್ಮಾಸದಲ್ಲಿ ನೇಕಾರರ ಊರಿಗೆ ಹೋಗಿ ಬಟ್ಟೆಗೆ ಹೇಳಿ ಬರುತ್ತೇನೆ. ಸೀಸನ್ನಿನಲ್ಲಿ ಕಲೆಕ್ಷನ್ ಬಗ್ಗೆ ಯೋಚನೆಯನ್ನೂ ಮಾಡುವುದಿಲ್ಲ, ಅದರಿಂದ ತಪ್ಪಿತಸ್ಥ ಭಾವನೆಯೂ ಇಲ್ಲ. ಮೊದಲೆಲ್ಲ ಮಾಸ್ಟರಿಗೆ ಆಷಾಢ ಅಂದರೆ ಅರ್ಧ ಸಂಬಳದ ತಿಂಗಳು. ಈಗ ಸ್ಯಾಂಪಲ್ ಕೆಲಸ ಇರುವುದರಿಂದ ಅವರೂ ಬೇರೆ ಕಡೆ ಹೋಗುವುದಿಲ್ಲ. ಒಳ್ಳೆಯ ಮಾಸ್ಟರ್ ಕೈಬಿಟ್ಟರೆ ಮತ್ತೆ ಸಿಗುವುದು ಎಷ್ಟು ಕಷ್ಟ ಅಂತ ಬೊಟೀಕ್ ಇಟ್ಟವರಿಗೆ ಗೊತ್ತು.

ಕೆಲಸ ಬಿಟ್ಟು ಸ್ವಂತ ಅಂಗಡಿ ಶುರು ಮಾಡುವವರಿಗೂ ಇದೇ ಪಂಚಾಂಗ. ಮನೆ, ಅಂಗಡಿ ಎರಡರ ಆರು ತಿಂಗಳ ಖರ್ಚು ಕೈಯಲ್ಲಿರಲಿ. ಆಷಾಢದಲ್ಲಿ ಅಂಗಡಿ ಸಿದ್ಧ ಮಾಡಿಕೊಂಡು ಶ್ರಾವಣಕ್ಕೆ ಬಾಗಿಲು ತೆರೆಯಿರಿ. ವೈಶಾಖ ಮುಗಿದ ಮೇಲೆ ತೆರೆದರೆ ಮೊದಲ ತಿಂಗಳುಗಳಲ್ಲೇ ಧೈರ್ಯ ಹೋಗುತ್ತದೆ.

ಕಲೆಕ್ಷನ್ ಚಿಕ್ಕದಿರಲಿ

ಗುಳೇದಗುಡ್ಡದಲ್ಲಿ ಮೊದಲ ಸಲ ನೇಕಾರರೊಬ್ಬರ ಮನೆಗೆ ಹೋಗಿ, ನನಗೆ ಬೇಕಾದ ಬೂದು ಬಣ್ಣದಲ್ಲಿ ಐದು ಮೀಟರ್ ನೇಯ್ದು ಕೊಡಿ ಅಂದೆ. ಅವರು ನಕ್ಕರು. "ಐದ ಮೀಟರಿಗೆ ಬ್ಯಾರೆ ಹಾಸು ಹಾಕಾಕ ಆಗಂಗಿಲ್ರಿ ಅಕ್ಕಾರ. ಹಾಕಿದ್ರ ಪೂರ್ತಿ ನೇಯಬೇಕಾಗ್ತದ." ಹಾಸು ಅಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿಯುವ ಎಳೆಗಳು. ಮಗ್ಗಕ್ಕೆ ಒಮ್ಮೆ ಹಾಸು ಏರಿಸಿದರೆ ಹತ್ತಾರು ಮೀಟರ್ ನೇಯಲೇಬೇಕು. ಖಣದಲ್ಲಿ ಬುಟ್ಟಾ ಕೂಡ ಹಾಸಿನ ಎಳೆಯಲ್ಲೇ ಏಳುವುದರಿಂದ ಆ ಕೆಲಸ ಇನ್ನೂ ಜಾಸ್ತಿ. ನಿಮ್ಮ ಡಿಸೈನ್ ಆಸೆಗೂ ದುಡ್ಡಿಗೂ ಮೊದಲ ಜಟಾಪಟಿ ನಡೆಯುವುದು ಇಲ್ಲಿ.

ದಾರಿ ಎರಡು. ಒಂದು, ಅವರ ಹತ್ತಿರ ಇರುವ ಬಣ್ಣದಲ್ಲೇ ಡಿಸೈನ್ ಮಾಡುವುದು. ಖಣದ ಕಡು ಕೆಂಪು, ಹಸಿರು, ನೀಲಿ, ಕುಂಕುಮ ಬಣ್ಣಗಳ ಜೊತೆ ಕೆಲಸ ಮಾಡಲು ಬರದಿದ್ದರೆ ಖಣಕ್ಕೇ ಕೈ ಹಾಕಬೇಡಿ ಅಂತ ನನ್ನ ಅಭಿಪ್ರಾಯ. ಇನ್ನೊಂದು, ಇಬ್ಬರು ಮೂವರು ಡಿಸೈನರುಗಳು ಸೇರಿ ಒಂದು ಹಾಸು ಹೇಳುವುದು. ನಾನು ಮತ್ತು ಮೈಸೂರಿನ ಗೆಳತಿಯೊಬ್ಬಳು ಹೀಗೆ ಮಾಡುತ್ತೇವೆ. ಅವಳು ಬ್ಯಾಗ್ ಮಾಡುತ್ತಾಳೆ, ನಾನು ಉಡುಪು. ಜಗಳಕ್ಕೆ ಕಾರಣವಿಲ್ಲ.

ನೇಕಾರರ ಹತ್ತಿರ ಚೌಕಾಸಿ ಮಾಡಿ ಮೀಟರಿಗೆ 30 ರೂಪಾಯಿ ಉಳಿಸಿದರೆ ಜಾಕೆಟ್ಟಿಗೆ ಉಳಿಯುವುದು 75. ಅಂಗಡಿಯವರ ಕಮಿಷನ್ನಿಗೆ ಹೋಗುವುದು 2,760. ಚೌಕಾಸಿ ಯಾರ ಹತ್ತಿರ ಮಾಡಬೇಕು ಅಂತ ಈ ಎರಡು ಸಂಖ್ಯೆಗಳೇ ಹೇಳುತ್ತವೆ. ಪವರ್‌ಲೂಮ್ ಖಣವೂ ಸಿಗುತ್ತದೆ, ಅಗ್ಗ. ಬಳಸಿದರೆ ತಪ್ಪೇನಿಲ್ಲ, ಆದರೆ ಲೇಬಲ್ಲಿನ ಮೇಲೆ ಕೈಮಗ್ಗ ಅಂತ ಬರೆಯಬೇಡಿ.

ಕಸೂತಿಯಲ್ಲೂ ಅಷ್ಟೇ. ಗವಂತಿ, ಮುರ್ಗಿ, ನೇಯ್ಗೆ, ಮೆಂತೆ ಅಂತ ನಾಲ್ಕು ಬಗೆ ಹೊಲಿಗೆ. ಎಳೆ ಎಣಿಸಿ ಹಾಕಬೇಕು, ಗಂಟು ಹಾಕುವಂತಿಲ್ಲ. ಗವಂತಿ, ಮುರ್ಗಿ ಎರಡು ಕಡೆಯಿಂದಲೂ ಒಂದೇ ಥರ ಕಾಣಬೇಕು. ಬೆನ್ನಿನ ತುಂಬ ರಥ, ಆನೆ, ತುಳಸಿ ಕಟ್ಟೆ ಹಾಕಿಸಿದರೆ ದಿನಗಟ್ಟಲೆ ಕೂಲಿ ಕೊಡಬೇಕು, ಜಾಕೆಟ್ಟಿನ ಬೆಲೆ ಎರಡು ಪಟ್ಟಾಗುತ್ತದೆ. ಅಂಥದ್ದನ್ನು ಒಂದು ಕಲೆಕ್ಷನ್ನಿಗೆ ಒಂದೇ ಮಾಡಿಸಿ. ಅದು ಅಂಗಡಿಯ ಕಿಟಕಿಯಲ್ಲಿ ನಿಲ್ಲಲಿ. ಮಾರಾಟಕ್ಕೆ ಕಾಲರ್, ತೋಳಿನ ತುದಿ, ಜೇಬಿನ ಬಾಯಿ. ಜನ ದೊಡ್ಡದನ್ನು ನೋಡಿ ಒಳಗೆ ಬಂದು ಚಿಕ್ಕದನ್ನು ಕೊಳ್ಳುತ್ತಾರೆ.

ಪ್ರತಿ ಡಿಸೈನಿಗೆ ಒಂದೇ ಸ್ಯಾಂಪಲ್. ಎಲ್ಲ ಸೈಜಿನಲ್ಲಿ ಹೊಲಿದು ರ್‍ಯಾಕ್ ತುಂಬಿಸಬೇಡಿ. ಗಿರಾಕಿ ನೋಡಿ, ಅಳತೆ ಕೊಟ್ಟು, ಅರ್ಧ ದುಡ್ಡು ಕೊಟ್ಟು ಹೋಗಲಿ. ಮೂರು ವಾರ ಕಾಯಲು ಒಪ್ಪದವರು ಖಣದ ಜಾಕೆಟ್ಟಿನ ಗಿರಾಕಿ ಅಲ್ಲ, ಬಿಡಿ.

ಮಾರುವ ಜಾಗ

ಎಕ್ಸಿಬಿಷನ್ ಸ್ಟಾಲ್ ಬುಕ್ ಮಾಡುವ ಮುಂಚೆ ಒಂದು ಭಾಗಾಕಾರ ಮಾಡಿ. ಚಿತ್ರಕಲಾ ಪರಿಷತ್ತಿನಂಥ ಕಡೆ ನಡೆಯುವ ಮೇಳವೊಂದರಲ್ಲಿ ಸ್ಟಾಲಿಗೆ 15,000, ಆಟೋ, ಊಟ, ಹೆಲ್ಪರ್ ಬಾಟಾ ಸೇರಿ 3,000 ಅಂದುಕೊಳ್ಳಿ. ಜಾಕೆಟ್ಟಿನ ಬೆಲೆ 6,900ರಲ್ಲಿ ಹೊರಗಿನ ಖರ್ಚು 2,450 ಕಳೆದರೆ 4,450. ಸ್ಟಾಲಿನ ಖರ್ಚು ಹುಟ್ಟಲು ಐದು ಜಾಕೆಟ್ಟು ಹೋಗಬೇಕು. ಅಲ್ಲಿ ಬರುವ ಜನ ಐದು ಜಾಕೆಟ್ಟು ಕೊಳ್ಳುತ್ತಾರಾ? ಅನುಮಾನ ಇದ್ದರೆ ಮೊದಲು ಗಿರಾಕಿಯಾಗಿ ಹೋಗಿ ಒಂದು ಸಂಜೆ ಸುಮ್ನೆ ನಿಂತು, ಜನರ ಕೈಯಲ್ಲಿ ಯಾವ ಕವರ್ ಇದೆ ನೋಡಿ. ತುಂಡು ಬಟ್ಟೆಯಲ್ಲಿ ಮಾಡಿದ ಪೌಚು, ಸ್ಕ್ರಂಚಿ ಜೊತೆಗಿರಲಿ. ಸ್ಟಾಲಿನ ಮುಂದೆ ಜನ ನಿಲ್ಲುವುದೇ ಅವುಗಳಿಂದ.

ಫ್ಯಾಷನ್ ಶೋಗಳ ವಿಷಯದಲ್ಲಿ ನನ್ನದು ಖಡಕ್ ಅಭಿಪ್ರಾಯ. ಆಯ್ಕೆ ಮಾಡಿ ಕರೆಯುವ ವೇದಿಕೆಗೆ ಅರ್ಜಿ ಹಾಕಿ. ಡಿಸೈನರ್ ರಾಹುಲ್ ಮಿಶ್ರಾ ಲ್ಯಾಕ್ಮೆ ಫ್ಯಾಷನ್ ವೀಕಿನಲ್ಲಿ ಹೊಸಬರ ಸಾಲಿನಿಂದ ಬಂದು, 2014ರಲ್ಲಿ ಅಂತಾರಾಷ್ಟ್ರೀಯ ವೂಲ್‌ಮಾರ್ಕ್ ಬಹುಮಾನ ಗೆದ್ದ ಮೊದಲ ಭಾರತೀಯರಾದರು. ಆದರೆ "ನೀವು ದುಡ್ಡು ಕಟ್ಟಿ, ನಾವು ಅವಾರ್ಡ್ ಕೊಡ್ತೀವಿ" ಎನ್ನುವ ಹೋಟೆಲ್ ಹಾಲಿನ ಶೋಗಳಿಗೆ ಹುಚ್ಚಿನ ಖಾತೆಯಿಂದಲೂ ಕೊಡಬೇಡಿ. ಅಲ್ಲಿ ಕೂತಿರುವವರು ಬೇರೆ ಡಿಸೈನರುಗಳ ನೆಂಟರು.

ಅಂಗಡಿಗೆ ಮಾಲು ಕೊಡುವಾಗ, ಮಾರಾಟವಾದರೆ ದುಡ್ಡು, ಇಲ್ಲದಿದ್ದರೆ ವಾಪಸ್ ಎನ್ನುವ ಪದ್ಧತಿಯೇ ಜಾಸ್ತಿ. ಕೊಡಿ, ಆದರೆ ಪೀಸ್ ಲೆಕ್ಕದ ಚೀಟಿಗೆ ಸಹಿ ಹಾಕಿಸಿಕೊಳ್ಳಿ. ಎಷ್ಟು ದಿನದಲ್ಲಿ ವಾಪಸ್, ಲಿಪ್‌ಸ್ಟಿಕ್ ಕಲೆಯಾದರೆ ಯಾರ ಹೊಣೆ, ಎಲ್ಲ ಅದರಲ್ಲಿರಲಿ. ನನ್ನ ಮಾಲನ್ನು ಮಾರಿ, ತಿಂಗಳುಗಟ್ಟಲೆ "ಮುಂದಿನ ವಾರ ಮೇಡಂ" ಅಂದ ಅಂಗಡಿಯೂ ಇತ್ತು. ಇದಕ್ಕೆ ಕಾನೂನಿದೆ. ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಮಾಡಿಸಿಕೊಳ್ಳಿ. ಆನ್‌ಲೈನಿನಲ್ಲಿ ಉಚಿತ, ಯಾರಿಗೂ ದುಡ್ಡು ಕೊಡಬೇಕಿಲ್ಲ. ನೋಂದಣಿ ಇರುವ ಸಣ್ಣ ತಯಾರಕರು ಬಿಲ್ ಮಾಡಿ ಕೊಟ್ಟ ಮಾಲಿಗೆ, ಬರಹದ ಒಪ್ಪಂದ ಇದ್ದರೂ 45 ದಿನದೊಳಗೆ ದುಡ್ಡು ಕೊಡಬೇಕು. ಒಪ್ಪಂದವೇ ಇಲ್ಲದಿದ್ದರೆ 15 ದಿನ. ತಡವಾದರೆ ಬಡ್ಡಿ. 2006ರ ಎಂಎಸ್‌ಎಂಇ (ಅತಿ ಸಣ್ಣ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ) ಕಾಯ್ದೆ ಇದು. ಬಿಲ್ಲಿನ ಕೆಳಗೆ ಉದ್ಯಮ್ ನಂಬರ್ ಹಾಕಿಬಿಟ್ಟರೆ ಅರ್ಧ ಜನ ನೆನಪಿಸದೆಯೇ ಕೊಡುತ್ತಾರೆ.

ತೆರಿಗೆ, ಸಾಲ

ಬೇಗ ಹೇಳಿ ಮುಗಿಸುತ್ತೇನೆ. ಕರ್ನಾಟಕದಲ್ಲಿ ಬರೀ ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷದ ವಹಿವಾಟು. ಆದರೆ ಗಿರಾಕಿಯ ಬಟ್ಟೆ ಹೊಲಿದುಕೊಡುವುದು ಸೇವೆ. ಹೊಲಿಗೆಯೂ ಇದ್ದರೆ ನಿಮ್ಮ ಮಿತಿ 20 ಲಕ್ಷ. ಬೊಟೀಕಿನವರು ಈ ವ್ಯತ್ಯಾಸ ಗಮನಿಸುವುದೇ ಇಲ್ಲ. 2025ರಲ್ಲಿ ಯುಪಿಐ ಲೆಕ್ಕ ನೋಡಿ ನಮ್ಮ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂದಾಗ ಎಲ್ಲರೂ ಗಾಬರಿಯಾದರು ನೋಡಿ. ಹೊರರಾಜ್ಯಕ್ಕೆ ಕಳಿಸುವ ಯೋಚನೆ ಇದ್ದರೆ ಮೊದಲೇ ಅಕೌಂಟೆಂಟರನ್ನು ಕೇಳಿ.

ಸಾಲ ಮಾಡುವುದಾದರೆ ಮೆಷಿನ್‌ಗೆ ಮಾಡಿ, ಬಟ್ಟೆಗೆ ಬೇಡ. ಮೆಷಿನ್ ದಿನವೂ ದುಡಿಯುತ್ತದೆ, ಬಟ್ಟೆ ರ್‍ಯಾಕಿನಲ್ಲಿ ಕೂತರೂ ಬಡ್ಡಿ ತಿನ್ನುತ್ತದೆ. ಮುದ್ರಾ ಯೋಜನೆಯ ಶಿಶು ಸಾಲ 50,000 ತನಕ. ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಸೇರಿದೆ. ಉಪಕರಣಕ್ಕೆ 15,000, ಮೊದಲು 1 ಲಕ್ಷ, ಅದು ತೀರಿದ ಮೇಲೆ 2 ಲಕ್ಷ ಸಾಲ, ಬಡ್ಡಿ 5%. ಒಂದು ಕುಟುಂಬಕ್ಕೆ ಒಬ್ಬರಿಗೆ ಮಾತ್ರ. ಹಾಗಾಗಿ ಮನೆಯಲ್ಲಿ ಮೊದಲು ಮಾತಾಡಿಕೊಳ್ಳಿ.

ಮಾರದೆ ಉಳಿದದ್ದು

ಎರಡು ಸೀಸನ್ ಆದರೂ ಯಾರೂ ಕೇಳದ ಡಿಸೈನನ್ನು ನಾನು ಇಟ್ಟುಕೊಳ್ಳುವುದಿಲ್ಲ. ಎಷ್ಟೇ ಪ್ರೀತಿಯದಾಗಿರಲಿ. ಸ್ಯಾಂಪಲ್ಲನ್ನು ಆಷಾಢದ ಸೇಲಿನಲ್ಲಿ ಹೊರಗಿನ ಖರ್ಚು ಹುಟ್ಟುವಷ್ಟಕ್ಕೆ, ಅಂದರೆ ಆ 2,450ಕ್ಕೆ, ಕೊಟ್ಟುಬಿಡುತ್ತೇನೆ. ಅದಕ್ಕೂ ಹೋಗದಿದ್ದರೆ ಬಿಚ್ಚಿ ಪೌಚು ಮಾಡಿಸುತ್ತೇನೆ. ಪ್ಯಾಟರ್ನ್ ಪೇಪರ್ ಮಾತ್ರ ಎಸೆಯುವುದಿಲ್ಲ. ಹೆಸರು, ತಾರೀಕು, ಆಗಿನ ಖರ್ಚು, ಯಾಕೆ ಹೋಗಲಿಲ್ಲ ಅಂತ ಅದರ ಮೇಲೇ ಬರೆದು ಸುತ್ತಿಡುತ್ತೇನೆ. ತೋಳು ಉದ್ದವಾಯಿತು, ಬೆಲೆ ಜಾಸ್ತಿಯಾಯಿತು, ಒಗೆಯೋದು ಹೇಗೆ ಅಂತ ಕೇಳಿ ವಾಪಸ್ ಇಟ್ಟರು, ಹೀಗೆ. ಈ ಕೊನೆಯ ದೂರು ತುಂಬ ಸಲ ಬಂದಿದ್ದರಿಂದ ಈಗ ಜಾಕೆಟ್ಟಿನ ಲೈನಿಂಗ್ ಬಿಚ್ಚಿ ಒಗೆಯುವಂತೆ ಪ್ರೆಸ್ ಬಟನ್ ಹಾಕುತ್ತಿದ್ದೇನೆ. ಪೀಸಿಗೆ 40 ರೂಪಾಯಿ ಜಾಸ್ತಿ ಬೀಳುತ್ತದೆ. ಗಿರಾಕಿಗಳು ಬೆಲೆ ಕೇಳುವ ಮುಂಚೆಯೇ ಅದನ್ನು ತೆಗೆದು ತೋರಿಸಿಬಿಡುತ್ತೇನೆ.